ಮೊದಲ ಬೆಳೆಗೆ ಸಣ್ಣ ತುಂಡು ನೆಲ ಸಾಕು
ಹೊಸದಾಗಿ ಬೇಸಾಯಕ್ಕೆ ಇಳಿದವರಿಗೆ ಒಂದು ಮಾತು. ನಾನು ಮೊದಲ ಸಲ ಇಡೀ ಜಮೀನಿಗೆ ಒಟ್ಟಿಗೇ ಬಿತ್ತಿದೆ. ಅರ್ಧ ಬೀಜ ಮೊಳೆಯಲೇ ಇಲ್ಲ, ತುಂಬಾ ನೋವಾಯಿತು. ಈಗ ಬಿತ್ತುವ ಮೊದಲು 100 ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡುತ್ತೇನೆ. ಬಟ್ಟೆ ಒಣಗಬಾರದು. 60 ಮಾತ್ರ ಮೊಳೆತರೆ ಬೇರೆ ಬೀಜ ಹುಡುಕುವುದೇ ಒಳ್ಳೆಯದು.

ನನ್ನ ಪ್ರಕಾರ ನೀರಿನ ವಿಷಯ ಇನ್ನೂ ಮುಖ್ಯ. ಎಲೆ ಬಾಡಿತು ಅಂತ ಸುಮ್ನೆ ನೀರು ಬಿಡಬೇಡಿ. ನೀರು ಜಾಸ್ತಿಯಾಗಿ ಬೇರಿಗೆ ಗಾಳಿ ಸಿಗದಿದ್ದರೂ ಎಲೆ ಹಾಗೇ ಬಾಡುತ್ತದೆ. ಬುಡದಿಂದ ಸ್ವಲ್ಪ ದೂರ, ಅರ್ಧ ಗೇಣು ಅಗೆದು ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ ನೋಡಿ. ಉಂಡೆ ಕಟ್ಟಿದರೆ ಅವತ್ತು ನೀರು ಬೇಡ. ಮರಳು ಮಣ್ಣಾದರೆ ಉಂಡೆ ನಿಲ್ಲುವುದಿಲ್ಲ, ಅಲ್ಲಿ ಕೈಗೆ ತಂಪು ತಾಗುತ್ತದಾ ನೋಡಿ.