ಎಫ್-150 ಪಿಕಪ್‌ನ ಸ್ಪಾರ್ಕ್ ಪ್ಲಗ್ ಮುರಿಯದಂತೆ ಬಿಚ್ಚುವ ಬಗೆ

2004ರಿಂದ 2008ರವರೆಗಿನ ಫೋರ್ಡ್ ಎಫ್-150ಯಲ್ಲಿ 5.4 ಲೀಟರಿನ, ಸಿಲಿಂಡರಿಗೆ ಮೂರು ವಾಲ್ವ್ ಇರುವ ವಿ8 ಎಂಜಿನ್ ಇದ್ದರೆ, ಹೊಸ ಪ್ಲಗ್ ಹಾಕುವುದು ಸುಲಭ, ಹಳೆಯದನ್ನು ತೆಗೆಯುವುದೇ ಕಷ್ಟ. ಈ ಪ್ಲಗ್ ಎರಡು ತುಂಡು ಸೇರಿಸಿ ಮಾಡಿದ್ದು. ಥ್ರೆಡ್‌ನ ಕೆಳಗೆ ಉದ್ದನೆಯ ತೆಳು ಕೊಳವೆ ಹೆಡ್‌ನೊಳಕ್ಕೆ (ಸಿಲಿಂಡರ್‌ಗಳ ಮೇಲಿನ ಲೋಹದ ಮುಚ್ಚಳದೊಳಕ್ಕೆ) ಇಳಿದಿರುತ್ತದೆ. ಅದರ ಸುತ್ತ ಮಸಿ ಕಲ್ಲಿನಂತೆ ಕಟ್ಟಿಕೊಂಡಿರುತ್ತದೆ. ಜೋರಾಗಿ ತಿರುಗಿಸಿದರೆ ಮೇಲಿನ ಅರ್ಧ ಕೈಗೆ ಬರುತ್ತದೆ, ಕೊಳವೆ ಒಳಗೇ ಉಳಿಯುತ್ತದೆ. ಒಂದು ಲಕ್ಷ ಮೈಲಿವರೆಗೆ ಕಾಯಬಹುದೆಂದು ಕಂಪನಿ ಹೇಳಿದರೂ ಅಷ್ಟು ಕಾಯದಿರುವುದೇ ಲೇಸು.

ಬೇಕಾದದ್ದು: ಎಂಟು ಪ್ಲಗ್ (ಮೋಟರ್‌ಕ್ರಾಫ್ಟ್ ಎಸ್‌ಪಿ-546, ಇಲ್ಲವೇ ಬೇರೆ ತಯಾರಕರ ಒಂದೇ ತುಂಡಿನ ಪ್ಲಗ್), 9/16 ಇಂಚಿನ ಪ್ಲಗ್ ಸಾಕೆಟ್, ಕಾಯಿಲ್ (ಪ್ಲಗ್‌ಗೆ ಕಿಡಿಯ ವಿದ್ಯುತ್ ಕೊಡುವ ಭಾಗ) ಬೋಲ್ಟಿಗೆ 7 ಮಿ.ಮೀ. ಸಾಕೆಟ್, ಎಕ್ಸ್‌ಟೆನ್ಷನ್‌ಗಳು, ಟಾರ್ಕ್ ರೆಂಚ್ (ತಿರುಗಿಸುವ ಬಲ ಅಳೆಯುವ ರೆಂಚ್), ಮಸಿ ಸಡಿಲಿಸಲು ಕಾರ್ಬ್ಯುರೇಟರ್ ಕ್ಲೀನರ್, ನಿಕಲ್ ಆಂಟಿ-ಸೀಜ್ (ಲೋಹ ಕಚ್ಚಿಕೊಳ್ಳದಂತೆ ಸವರುವ ಪೇಸ್ಟ್), ಡೈಎಲೆಕ್ಟ್ರಿಕ್ ಗ್ರೀಸ್ (ವಿದ್ಯುತ್ ಹರಿಯದ ಗ್ರೀಸ್).

ಎಂಜಿನ್ ಪೂರ್ತಿ ತಣ್ಣಗಿರಲಿ. ಬಿಸಿಯಿದ್ದಾಗ ಬಿಚ್ಚಿದರೆ ಅಲ್ಯೂಮಿನಿಯಂ ಹೆಡ್‌ನ ಥ್ರೆಡ್ ಕಿತ್ತುಬರುವ ಅಪಾಯ ಹೆಚ್ಚು. ಬ್ಯಾಟರಿಯ ನೆಗೆಟಿವ್ ತಂತಿ ತೆಗೆದು, ಗಾಳಿಯ ಪೈಪ್ ಕಳಚಿ, ಕಾಯಿಲ್‌ಗಳನ್ನು ಹೊರತೆಗೆಯಿರಿ. ಕಾಯಿಲ್ ಕನೆಕ್ಟರ್‌ನ ಪ್ಲಾಸ್ಟಿಕ್ ಬಿಸಿಲಿಗಿಟ್ಟ ಹಪ್ಪಳದಷ್ಟು ಗರಿಗರಿಯಾಗಿರುತ್ತದೆ, ಮೆಲ್ಲಗೆ ಒತ್ತಿ ಬಿಡಿಸಿ. ಪ್ಲಗ್ ಕೂತಿರುವ ಗುಂಡಿಗಳ ಕಸವನ್ನು ಕಂಪ್ರೆಸರ್ ಗಾಳಿಯಿಂದ ಊದಿ ತೆಗೆಯಿರಿ.

ಈಗ ಪ್ಲಗ್ಗನ್ನು ಒಂದು ಸುತ್ತಿನ ಎಂಟನೇ ಒಂದರಿಂದ ಕಾಲು ಭಾಗದಷ್ಟು ಮಾತ್ರ ಸಡಿಲಿಸಿ, ಗುಂಡಿಗೆ ಅರ್ಧದಿಂದ ಮುಕ್ಕಾಲು ಟೀ ಚಮಚ ಕ್ಲೀನರ್ ಬಿಟ್ಟು, ಕನಿಷ್ಠ 15 ನಿಮಿಷ ಕೈ ಹಾಕಬೇಡಿ. ಹೆಚ್ಚು ಸುರಿದರೆ ಬೇಗ ಬಿಡುತ್ತದೆ ಎಂದುಕೊಳ್ಳಬೇಡಿ. ದ್ರವ ಸಿಲಿಂಡರ್‌ಗೆ ಇಳಿದು ನಿಂತರೆ, ಸ್ಟಾರ್ಟ್ ಮಾಡಿದಾಗ ಪಿಸ್ಟನ್ ಅದನ್ನು ಅದುಮಲಾಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಆಮೇಲೆ ಮೊದಲು ಬಿಗಿ ಮಾಡಿ, ನಂತರ ಸ್ವಲ್ಪ ಬಿಚ್ಚಿ, ಮತ್ತೆ ಬಿಗಿ ಮಾಡಿ. ಹೀಗೆ ಹಿಂದೆ ಮುಂದೆ ಆಡಿಸುತ್ತಲೇ ತೆಗೆಯಬೇಕು. ಕಿರ್ರೆಂದು ಸದ್ದಾದರೆ ಗಾಬರಿಯಾಗಬೇಡಿ, ಮಸಿ ಉಜ್ಜುವ ಸದ್ದು ಅದು. 33 ಪೌಂಡ್-ಅಡಿ ಆಸುಪಾಸಿನ ಬಲ ಬೇಕಾಗಬಹುದು, ಅದಕ್ಕಿಂತ ತುಂಬಾ ಹೆಚ್ಚೆನಿಸಿದರೆ ಮತ್ತೆ ಬಿಗಿ ಮಾಡಿ ಶುರು ಮಾಡಿ. ಇಂಪ್ಯಾಕ್ಟ್ ಗನ್ (ಹೊಡೆತ ಕೊಟ್ಟು ತಿರುಗಿಸುವ ಯಂತ್ರ) ಮುಟ್ಟಲೇಬೇಡಿ.

ಮುರಿದೇಬಿಟ್ಟರೆ ಅಲ್ಲಿಗೆ ನಿಲ್ಲಿಸಿ. ಸ್ಕ್ರೂಡ್ರೈವರ್ ಹಾಕಿ ಕೆದಕಿದರೆ ಪಿಂಗಾಣಿ ಚೂರು ಸಿಲಿಂಡರ್‌ಗೆ ಬೀಳುತ್ತದೆ. ಇದಕ್ಕೆಂದೇ ಲಿಸ್ಲ್ 65600 ಎಂಬ ಟೂಲ್ ಇದೆ: ಪಿಂಗಾಣಿಯನ್ನು ಕೊಳವೆಯೊಳಗೇ ಕೆಳಕ್ಕೆ ತಳ್ಳಿ, ಕೊಳವೆಯ ಒಳಗೋಡೆಯಲ್ಲಿ ಥ್ರೆಡ್ ಕೊರೆದು, ಅದನ್ನು ಹಿಡಿದು ಮೇಲಕ್ಕೆಳೆಯುತ್ತದೆ.

ಹೊಸ ಎರಡು ತುಂಡಿನ ಪ್ಲಗ್ ಹಾಕುವಾಗ ಆಂಟಿ-ಸೀಜನ್ನು ಕೆಳಗಿನ ಕೊಳವೆಗೆ ಮಾತ್ರ ತೆಳುವಾಗಿ ಸವರಿ. ಥ್ರೆಡ್‌ಗೂ ತುದಿಗೂ ಬೇಡ. ಥ್ರೆಡ್‌ಗೆ ಸವರಿದರೆ ಜಾರಿಕೆ ಹೆಚ್ಚಿ, ರೆಂಚ್ ತೋರಿಸುವುದಕ್ಕಿಂತ ಜಾಸ್ತಿ ಬಿಗಿಯಾಗುತ್ತದೆ. ಮೊದಲ ಸುತ್ತುಗಳನ್ನು ಬೆರಳಿನಿಂದಲೇ ಹಾಕಿ, ಕೊನೆಗೆ 25 ಪೌಂಡ್-ಅಡಿಗೆ (34 ನ್ಯೂಟನ್-ಮೀಟರ್) ನಿಲ್ಲಿಸಿ. ಕಾಯಿಲ್ ಬೂಟ್‌ನ (ಪ್ಲಗ್ ಮೇಲೆ ಕೂರುವ ರಬ್ಬರ್ ಕೊಳವೆಯ) ಒಳಗೆ ಡೈಎಲೆಕ್ಟ್ರಿಕ್ ಗ್ರೀಸ್ ಸವರಿ ಕೂರಿಸಿ.

ನಂತರ ಎಂಜಿನ್ ನಡುಗಿ ಗಾಡಿಯ ಕಂಪ್ಯೂಟರ್‌ನಲ್ಲಿ ಪಿ0304ರಂಥ ದೋಷದ ಕೋಡ್ ಬಂದರೆ ಕೊನೆಯ ಅಂಕಿಯೇ ಸಿಲಿಂಡರ್ ಸಂಖ್ಯೆ. ಮುಂದಿನಿಂದ ಎಣಿಸಿದರೆ ಪ್ರಯಾಣಿಕರ ಬದಿ (ಈ ಅಮೆರಿಕನ್ ಗಾಡಿಯಲ್ಲಿ ಬಲಗಡೆ) 1ರಿಂದ 4, ಚಾಲಕರ ಬದಿ (ಎಡಗಡೆ) 5ರಿಂದ 8. ಆ ಕಾಯಿಲನ್ನು ಪಕ್ಕದ್ದರ ಜೊತೆ ಅದಲುಬದಲು ಮಾಡಿ. ಕೋಡೂ ಜೊತೆಗೇ ಹೋದರೆ ಕೆಟ್ಟಿರುವುದು ಕಾಯಿಲ್, ಪ್ಲಗ್ ಅಲ್ಲ.