ರೇಟು ಬೇರೆ, ದುಡ್ಡು ಬೇರೆ

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಅಪ್ಪಯ್ಯ ಸಿರ್ಸಿಯ ಒಂದು ಖಾಸಗಿ ವಖಾರಿಗೆ, ಅಂದ್ರೆ ಅಡಿಕೆ ಕೊಳ್ಳುವ ಮಂಡಿಗೆ, ಹನ್ನೊಂದು ಚೀಲ ಚಾಲಿ (ಒಣಗಿಸಿ ಸುಲಿದ) ಅಡಿಕೆ ಕೊಟ್ಟರು. ಬೆಳೆಗಾರರ ಸಹಕಾರಿ ಸೊಸೈಟಿಯ ಟೆಂಡರ್ ದರಕ್ಕಿಂತ ಅಲ್ಲಿ ರೇಟು ಜಾಸ್ತಿ ಹೇಳಿದ್ದರು. ಅಡಕತ್ತರಿಯಲ್ಲಿ ನಾಲ್ಕು ಅಡಿಕೆ ಕತ್ತರಿಸಿ ಒಳಗೆ ನೋಡಿ, "ಒಳ್ಳೇ ಮಾಲು ಹೆಗಡೇರೇ" ಅಂತ ಹೊಗಳಿದ್ದರು. ಅಪ್ಪಯ್ಯ ಮನೆಗೆ ಬಂದು ಆ ಮೊತ್ತವನ್ನು ಲೆಕ್ಕದ ಪುಸ್ತಕದಲ್ಲಿ ಜಮಾ ಕಡೆ ಬರೆದರು. ಅದನ್ನೇ ನೆಚ್ಚಿಕೊಂಡು ಕೊಟ್ಟಿಗೆಗೆ ಹೊಸ ಹಂಚು ಹಾಕಿಸಿದರು. ದುಡ್ಡು ಮಾತ್ರ ಬರಲಿಲ್ಲ. ಮಳೆಗಾಲ ಕಳೆಯಿತು, ದೀಪಾವಳಿ ಕಳೆಯಿತು. ಕೊನೆಗೆ ವಖಾರಿಗೇ ಬೀಗ ಬಿತ್ತು.

ಆಯಿ, ಅಂದ್ರೆ ನಮ್ಮಮ್ಮ, ಅಂದಿದ್ದು ಒಂದೇ ಮಾತು: "ಕೈಗೆ ಬಂದ್ಮೇಲೆ ಅದು ದುಡ್ಡು. ಅಲ್ಲಿವರೆಗೆ ಬರೀ ರೇಟು."

ನಮ್ಮ ಕಡೆಯ ಬೆಳೆಗಾರರು ಇಂಥದ್ದೇ ಏಟು ತಿಂದು ತಿಂದು 1923ರಲ್ಲೇ ತೋಟಗಾರ್ಸ್ ಸೇಲ್ ಸೊಸೈಟಿ ಕಟ್ಟಿಕೊಂಡಿದ್ದರು. ಅಷ್ಟು ಹಳೇ ಪಾಠವನ್ನು ಅಪ್ಪಯ್ಯ ಒಂದು ವರ್ಷ ಮರೆತರು, ಅಷ್ಟೇ. ಮುಂದೆ ಇಪ್ಪತ್ತಾರು ವರ್ಷ ನಾನು ಬೇರೆಯವರ ದುಡ್ಡನ್ನು ಹೂಡುವ ಕೆಲಸ ಮಾಡಿದೆ. ಆ ಲೆಕ್ಕದ ಪುಸ್ತಕದ ಪುಟ ಆಗಾಗ ಕಣ್ಣಿಗೆ ಬರುತ್ತಿತ್ತು.

ಸಿರ್ಸಿಯಲ್ಲೇ ಬಿ.ಕಾಂ. ಮುಗಿಸಿ 1995ರಲ್ಲಿ ಮುಂಬೈಗೆ ಹೋದೆ. ಕೊಂಕಣ ರೈಲು ಆಗಿನ್ನೂ ಪೂರ್ತಿಯಾಗಿರಲಿಲ್ಲ. ಹುಬ್ಬಳ್ಳಿಗೆ ಹೋಗಿ ರಾತ್ರಿ ಬಸ್ಸು ಹಿಡಿಯಬೇಕಿತ್ತು. ದಾದರಿನಲ್ಲಿ ಅತ್ತೆಯ ಮನೆ. ಕೆಲಸ ಒಂದು ಬ್ರೋಕರ್ ಕಚೇರಿಯಲ್ಲಿ. ಏನು ಕೆಲಸ ಅಂದ್ರೆ, ಸಹಿ ನೋಡುವುದು.

ಈಗಿನವರಿಗೆ ಇದು ಗೊತ್ತಿರಲಿಕ್ಕಿಲ್ಲ. ಕಂಪ್ಯೂಟರ್ ಪರದೆ ಮೇಲೆ ವ್ಯಾಪಾರ ಶುರುವಾಗಿತ್ತು ನಿಜ, ಆದರೆ ಷೇರು ಇನ್ನೂ ಕಾಗದವೇ. ಯಾರಾದರೂ ಮಾರಿದರೆ ಷೇರು ಪತ್ರದ ಜೊತೆ ಟ್ರಾನ್ಸ್‌ಫರ್ ಡೀಡ್ ಬರುತ್ತಿತ್ತು. ಅದರ ಮೇಲಿನ ಸಹಿ ಕಂಪನಿಯ ದಾಖಲೆಯಲ್ಲಿರುವ ಸಹಿಗೆ ಹೊಂದದಿದ್ದರೆ ಕಟ್ಟು ವಾಪಸ್. ಅದಕ್ಕೆ 'ಬ್ಯಾಡ್ ಡೆಲಿವರಿ' ಅನ್ನುತ್ತಿದ್ದರು. ಹತ್ತು ವರ್ಷದ ಹಿಂದೆ ಷೇರು ತೆಗೆದುಕೊಂಡವರ ಕೈ ಈಗ ನಡುಗುತ್ತಿರುತ್ತದೆ, ಸಹಿ ಎಲ್ಲಿ ಹೊಂದಬೇಕು? ನಾನು ಬೆಳಿಗ್ಗೆಯಿಂದ ಸಂಜೆವರೆಗೆ ಭೂತಗನ್ನಡಿ ಹಿಡಿದು ಕೂರುತ್ತಿದ್ದೆ. ಸ್ಪಂಜಿನ ನೀರಿಗೆ ಬೆರಳಿನ ತುದಿ ಸದಾ ಸುಕ್ಕಾಗಿರುತ್ತಿತ್ತು, ಸ್ಟಾಂಪು ಅಂಟಿಸಿ ಅಂಟಿಸಿ. 1996ರಲ್ಲಿ ಡಿಪಾಸಿಟರಿ ಕಾಯ್ದೆ ಬಂತು, ಡಿಮ್ಯಾಟ್ ಬಂತು, ಷೇರು ಕಾಗದ ಬಿಟ್ಟು ಕಂಪ್ಯೂಟರ್ ಖಾತೆಗೆ ಹೋಯಿತು. ನಾಲ್ಕೈದು ವರ್ಷದಲ್ಲಿ ಆ ಕೆಲಸವೇ ಮಾಯವಾಯಿತು. ಅದು ಹೋಗುವ ಮೊದಲೇ ಕಂಪನಿಗಳ ಲೆಕ್ಕ ಓದಿ ತೂಗುವ ರಿಸರ್ಚ್ ವಿಭಾಗದಲ್ಲಿ ಜಾಗ ಕೇಳಿದೆ. "ಸಿಎಫ್‌ಎ ಮಾಡ್ತೀಯಾ?" ಅಂದರು. ಅದು ಹೂಡಿಕೆ ವಿಶ್ಲೇಷಣೆ ಮಾಡುವವರ ಮೂರು ಹಂತದ ಪರೀಕ್ಷೆ. ಎರಡನೆಯದರಲ್ಲಿ ಒಮ್ಮೆ ಫೇಲಾದೆ. ಮದುವೆ, ಮಗಳು ಎಲ್ಲ ಅದರ ನಡುವೆಯೇ ಆಯಿತು.

ರಿಸರ್ಚ್‌ನಲ್ಲಿ ನನಗೆ ಹೆಸರು ತಂದುಕೊಟ್ಟಿದ್ದು ಆಯಿಯ ಮಾತು. ಲಾಭದ ಅಂಕಿ ಎಲ್ಲರೂ ನೋಡುತ್ತಾರೆ. ನಾನು ಮೊದಲು ವರದಿಯ ಹಿಂದಿನ ಪುಟಗಳಿಗೆ ಹೋಗುತ್ತಿದ್ದೆ. ಕಂಪನಿಗೆ ಬರಬೇಕಾದ ಬಾಕಿ ಎಷ್ಟು, ಅದು ವಸೂಲಾಗಲು ಎಷ್ಟು ದಿನ ಬೇಕು, ವ್ಯಾಪಾರದಿಂದ ನಗದು ನಿಜವಾಗಿ ಒಳಗೆ ಬಂತಾ ಅಂತ. 2007ರಲ್ಲಿ ರಸ್ತೆ ಕಟ್ಟುವ ಒಂದು ಕಂಪನಿಯ ಷೇರಿಗೆ ಎಲ್ಲರೂ ಮುಗಿಬಿದ್ದಿದ್ದರು. ಲಾಭ ವರ್ಷ ವರ್ಷ ಏರುತ್ತಿತ್ತು, ನಗದು ಮಾತ್ರ ಪ್ರತಿ ವರ್ಷ ಹೊರಗೇ ಹೋಗುತ್ತಿತ್ತು. ಮಾಲೀಕರನ್ನು ಕೇಳಿದೆ. ಅವರು ಉತ್ತರ ಹೇಳಿದ್ದು ನನಗಲ್ಲ, ನನ್ನ ಪಕ್ಕ ಕೂತಿದ್ದ ಜೂನಿಯರ್ ಹುಡುಗನಿಗೆ. ಪಾಪ, ಅವನು ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ನಾನು ಅದೇ ಪ್ರಶ್ನೆಯನ್ನು ಮತ್ತೆ ಮೂರು ಸಲ ಕೇಳಿದೆ. ಷೇರು ತೆಗೆದುಕೊಳ್ಳಲಿಲ್ಲ.

ಹಾಗಂತ ಜಾಣೆ ಅಂತೇನೂ ಅಲ್ಲ. 2008ರ ಜನವರಿಯಲ್ಲಿ 21,000 ಮುಟ್ಟಿದ್ದ ಸೆನ್ಸೆಕ್ಸ್ ಅಕ್ಟೋಬರಿನಲ್ಲಿ 9,000ಕ್ಕಿಂತ ಕೆಳಗೆ ಬಿದ್ದಾಗ ಆಗ ನಾನು ನೋಡಿಕೊಳ್ಳುತ್ತಿದ್ದ ಫಂಡೂ ಬಿತ್ತು. ಮನೆ ಕಟ್ಟುವ ಒಂದು ಕಂಪನಿಯ ಷೇರನ್ನು, ಅದರ ಮಾಲೀಕರು ಚೆನ್ನಾಗಿ ಮಾತಾಡುತ್ತಾರೆ ಅನ್ನೋ ಒಂದೇ ಕಾರಣಕ್ಕೆ ಇಟ್ಟುಕೊಂಡಿದ್ದೆ. ಅದು ಮತ್ತೆ ಮೇಲೇಳಲೇ ಇಲ್ಲ. ಆಮೇಲೆ ಮುಖ್ಯ ಹೂಡಿಕೆ ಅಧಿಕಾರಿಯಾದೆ, 2021ರಲ್ಲಿ ಬಿಟ್ಟೆ. ಈಗ ಅರ್ಧ ವರ್ಷ ಸಿರ್ಸಿಯಲ್ಲಿರುತ್ತೇನೆ.

ದಾನದ ವಿಷಯಕ್ಕೆ ಬರುತ್ತೇನೆ. ಇಲ್ಲಿ ನಾನು ಮಾಡಿದ ತಪ್ಪನ್ನು ನನ್ನ ಕೈಕೆಳಗಿನ ಹುಡುಗರು ಮಾಡಿದ್ದರೆ ಕೆಲಸದಿಂದ ತೆಗೆಯುತ್ತಿದ್ದೆನೇನೋ.

2011ರಲ್ಲಿ ನಮ್ಮ ಕಡೆಯ ಒಂದು ಹೈಸ್ಕೂಲಿಗೆ ಹತ್ತು ಕಂಪ್ಯೂಟರ್ ಕೊಟ್ಟೆ. ರಿಬ್ಬನ್ ಕಟ್ ಆಯಿತು. ಶಾಲು, ಫಲ ತಾಂಬೂಲ, ನನ್ನ ಹೆಸರಿನ ಕಲ್ಲು. ಎರಡು ವರ್ಷ ಬಿಟ್ಟು ಸುಮ್ನೆ ನೋಡೋಣ ಅಂತ ಹೋದರೆ ಕೋಣೆಗೆ ಬೀಗ. ಕಿಟಕಿಯಿಂದ ಇಣುಕಿದೆ. ಕಂಪ್ಯೂಟರಿಗೆ ಹೊದಿಸಿದ್ದ ಪ್ಲಾಸ್ಟಿಕ್ ಹಾಳೆಯ ಒಳಗೆ ಬೂಷ್ಟು ಬೆಳೆದಿತ್ತು. ಮಲೆನಾಡಿನ ಮಳೆ ಅಲ್ವಾ. ಸಿಡಿಲಿಗೆ ಎರಡು ಸುಟ್ಟಿದ್ದವು, ಯುಪಿಎಸ್ ಬ್ಯಾಟರಿ ಸತ್ತಿತ್ತು. ಕಲಿಸುವವರು ಯಾರೂ ಇರಲಿಲ್ಲ. ಕರೆಂಟ್ ಬಿಲ್ಲು ಯಾರು ಕಟ್ಟಬೇಕು ಅಂತ ತೀರ್ಮಾನವೇ ಆಗಿರಲಿಲ್ಲ. ಶಾಲೆಯವರದ್ದೇನೂ ತಪ್ಪಿಲ್ಲ. ನಾನು ಕೇಳಿರಲಿಲ್ಲ. ಯಾವ ಕಂಪನಿಗೂ ಹೀಗೆ ಏನನ್ನೂ ಕೇಳದೆ ದುಡ್ಡು ಕೊಟ್ಟವಳಲ್ಲ ನಾನು.

ಅವತ್ತಿನಿಂದ ಕಟ್ಟಡ, ಯಂತ್ರ, ಕಲ್ಲು ಎಲ್ಲ ನಿಲ್ಲಿಸಿದೆ. ಯಕ್ಷಗಾನಕ್ಕೆ ಮಾತ್ರ ಕೊಡುತ್ತೇನೆ, ಅದರ ಲೆಕ್ಕ ಕೇಳುವುದಿಲ್ಲ. ಅದು ದಾನ ಅಲ್ಲ, ನನ್ನ ಖುಷಿ.

2014ರಲ್ಲಿ ಒಂದು ಚಿಕ್ಕ ಟ್ರಸ್ಟ್ ಮಾಡಿದೆವು. ನಾನು, ನನ್ನ ತಮ್ಮ, ನಿವೃತ್ತ ಮೇಷ್ಟ್ರು ಒಬ್ಬರು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ, ಪ್ಯಾನ್, ಆಮೇಲೆ ದಾನಿಗಳಿಗೆ ತೆರಿಗೆ ರಿಯಾಯಿತಿ ಕೊಡಿಸುವ 80ಜಿ. ನನ್ನ ಉಳಿತಾಯದಿಂದ 40 ಲಕ್ಷ ರೂಪಾಯಿ ಇಟ್ಟೆ. ಅಸಲು ಮುಟ್ಟಬಾರದು, ಬಂದ ಆದಾಯವನ್ನಷ್ಟೇ ಖರ್ಚು ಮಾಡಬೇಕು ಅಂತ ಡೀಡ್‌ನಲ್ಲೇ ಬರೆಸಿದೆ.

ಇಲ್ಲೊಂದು ತಮಾಷೆ ಇದೆ. ಆದಾಯ ತೆರಿಗೆ ಕಾನೂನಿನ ಪ್ರಕಾರ ಇಂಥ ಟ್ರಸ್ಟ್ ತನ್ನ ದುಡ್ಡನ್ನು ಮನಸ್ಸಿಗೆ ಬಂದಲ್ಲಿ ಹೂಡುವಂತಿಲ್ಲ. ಬ್ಯಾಂಕ್ ಠೇವಣಿ, ಸರ್ಕಾರಿ ಬಾಂಡು, ಮ್ಯೂಚುವಲ್ ಫಂಡ್, ಹೀಗೆ ಕೆಲವು ದಾರಿ ಮಾತ್ರ. ಜೀವನಪೂರ್ತಿ ಷೇರು ಆರಿಸಿದವಳು ನಾನು, ನನ್ನ ಟ್ರಸ್ಟಿಗೆ ನೇರವಾಗಿ ಖಾಸಗಿ ಕಂಪನಿಯ ಒಂದು ಷೇರು ಕೊಳ್ಳುವ ಹಾಗಿಲ್ಲ! ಜೊತೆಗೆ ವರ್ಷದ ಆದಾಯದಲ್ಲಿ ಶೇ. 85ರಷ್ಟನ್ನು ಉದ್ದೇಶಕ್ಕೆ ಖರ್ಚು ಮಾಡಬೇಕು. ಬಡ್ಡಿಯಲ್ಲಿ ಬಹುಪಾಲು ಹೀಗೆ ಹೋದರೆ, ಹತ್ತು ವರ್ಷದ ಮೇಲೆ 40 ಲಕ್ಷದ ಬೆಲೆ ಎಷ್ಟು? ಹಾಸ್ಟೆಲ್ ಊಟದ ದರ ಅಲ್ಲಿಯವರೆಗೆ ನಿಂತಿರುತ್ತಾ? ಅದಕ್ಕೇ 25 ಲಕ್ಷ ಬಡ್ಡಿ ಬರುವ ಕಡೆ ಇಟ್ಟು, 15 ಲಕ್ಷ ಇಂಡೆಕ್ಸ್ ಫಂಡಿನ (ಸೂಚ್ಯಂಕದಲ್ಲಿರುವ ಷೇರುಗಳನ್ನೇ ಕೊಳ್ಳುವ ಮ್ಯೂಚುವಲ್ ಫಂಡ್) ಗ್ರೋತ್ ಆಯ್ಕೆಯಲ್ಲಿ ಹಾಕಿದೆ. ಅದನ್ನು ಮಾರುವವರೆಗೆ ಬೆಳೆದಿದ್ದು ಆದಾಯ ಅಂತ ಲೆಕ್ಕಕ್ಕೆ ಬರುವುದಿಲ್ಲ, ಒಳಗೇ ಬೆಳೆಯುತ್ತದೆ. 2020ರ ಮಾರ್ಚ್ 23ರಂದು ಸೆನ್ಸೆಕ್ಸ್ ಒಂದೇ ದಿನ ಶೇ. 13ರಷ್ಟು ಕುಸಿದಾಗ ಮೇಷ್ಟ್ರು ಫೋನ್ ಮಾಡಿ, "ತೆಗೆದುಬಿಡೋಣ್ವಾ ತಂಗೀ?" ಅಂದರು. ಆ ವರ್ಷದ ಖರ್ಚು ಬಡ್ಡಿಯಿಂದ ಬರುತ್ತಿತ್ತು, ತೆಗೆಯುವ ಗರಜು ಇರಲಿಲ್ಲ. ಅವರಿಗೆ ಕಾಗದದ ಮೇಲೆ ಬರೆದು ತೋರಿಸಿದ ಮೇಲೆ ಒಪ್ಪಿದರು.

ದುಡ್ಡು ಯಾರಿಗೆ ಅನ್ನುವುದು ಮೊದಲು ಸರಿಯಾಗಿ ಗೊತ್ತಿರಲಿಲ್ಲ. ಕಾಲೇಜು ಫೀಸು ಅಂದುಕೊಂಡಿದ್ದೆವು. ಕುಮಟಾ ದಾರಿಯ ಘಟ್ಟದ ಊರಿನ ಒಬ್ಬ ಹುಡುಗಿ ಡಿಪ್ಲೊಮಾ ಅರ್ಧಕ್ಕೆ ಬಿಟ್ಟಳು. ಫೀಸು ನಾವೇ ಕಟ್ಟಿದ್ದೆವು. ಯಾಕೆ ಅಂತ ಮನೆಗೇ ಹೋಗಿ ಕೇಳಿದೆ. ಅವಳು ಅಂಗಳದಲ್ಲಿ ಒಣಗಿದ ಅಡಿಕೆ ತಿರುವುತ್ತಾ ಹೇಳಿದಳು, "ಪ್ರಾಕ್ಟಿಕಲ್ ಮುಗಿಯೋದು ಐದಕ್ಕೆ. ನಮ್ಮೂರ ಕೊನೇ ಬಸ್ಸು ನಾಕೂ ನಲವತ್ತಕ್ಕೆ. ಫೀಸು ಅಪ್ಪ ಹೇಗೋ ಕಟ್ತಿದ್ರು ಅಕ್ಕಾ. ಬಸ್ಸು ನಿಲ್ಲಿಸೋದು ಯಾರು?"

ಆಮೇಲಿಂದ ನಾವು ಕೊಡುವುದು ಹಾಸ್ಟೆಲ್ ಮತ್ತು ಊಟದ ಖರ್ಚು, ಹುಡುಗಿಯರಿಗೆ ಮಾತ್ರ. ಸ್ವಲ್ಪ ವರ್ಷ ಬಸ್ ಪಾಸಿಗೂ ಕೊಟ್ಟೆವು. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದು ಬಸ್ಸು ಫ್ರೀ ಆಯಿತು, ಆ ದುಡ್ಡೂ ಹಾಸ್ಟೆಲಿಗೇ ಹೋಯಿತು. ದುಡ್ಡು ಆರು ತಿಂಗಳಿಗೊಮ್ಮೆ ನೇರ ಹಾಸ್ಟೆಲ್ ಖಾತೆಗೆ. ಚೆಕ್ ಕೊಡುವ ಫೋಟೋ ಇಲ್ಲ. ಹದಿನೇಳು ವರ್ಷದ ಹುಡುಗಿಯನ್ನು ವೇದಿಕೆ ಹತ್ತಿಸಿ 'ಬಡ ವಿದ್ಯಾರ್ಥಿನಿ' ಅಂತ ಮೈಕಿನಲ್ಲಿ ಕೂಗುವುದು ನನಗೆ ಆಗದು.

ಒಂದು ವಿಷಯದಲ್ಲಿ ಜನರಿಗೆ ನನ್ನ ಮೇಲೆ ಬೇಸರವಿದೆ. ನಮ್ಮ ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬೇಕು ಅನ್ನೋ ಕೂಗು ಹಳೆಯದು, ನ್ಯಾಯವಾದದ್ದು. ಸೀರಿಯಸ್ ಆದರೆ ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾಕ್ಕೋ ಓಡಬೇಕು. ಕಾರವಾರದಲ್ಲಿ ಒಂದು ಸಭೆಯಲ್ಲಿ ಹಿರಿಯರೊಬ್ಬರು ಎದ್ದು, "ಕೋಟಿ ಕೋಟಿ ನೋಡಿದವರು ನೀವು, ಒಂದು ಆಸ್ಪತ್ರೆಗೆ ಕೈ ಹಾಕಿ ಮೇಡಂ" ಅಂದರು. ಆ ಕೋಟಿಗಳು ನನ್ನದಲ್ಲ ಅಂತ ಹೇಳಿದರೆ ನಂಬಿದರೋ ಇಲ್ಲವೋ. ನನ್ನ ದುಡ್ಡಿನಲ್ಲಿ ಒಂದು ಕಟ್ಟಡ ಏಳಬಹುದಿತ್ತೇನೋ. ಹೃದಯದ ಡಾಕ್ಟರ್, ಅರಿವಳಿಕೆಯವರು, ರಾತ್ರಿ ಪಾಳಿಯ ನರ್ಸ್, ಇವರ ಸಂಬಳ ಪ್ರತಿ ತಿಂಗಳು ಎಲ್ಲಿಂದ? ಬೀಗ ಹಾಕಿದ ಆ ಕಂಪ್ಯೂಟರ್ ಕೋಣೆ ನೆನಪಾಯಿತು. ಇಲ್ಲ ಅಂದೆ. ಅದು ಸರ್ಕಾರದ ಕೆಲಸ ಅಂತಲೂ ಹೇಳಿದೆ. ಸಭೆಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ನರ್ಸಿಂಗ್ ಓದುವವರಿಗೆ ಆ ವರ್ಷದಿಂದ ಎರಡು ಜಾಗ ಹೆಚ್ಚಿಗೆ ಇಟ್ಟೆವು, ಅಷ್ಟೇ ನನ್ನಿಂದಾದದ್ದು.

ಈ ಸಲ 41 ಅರ್ಜಿ ಬಂದಿವೆ. 19 ಜನರಿಗೆ ದುಡ್ಡಿದೆ. ಜೊಯಿಡಾ, ಯಲ್ಲಾಪುರ, ಅಂಕೋಲಾದ ಒಳ ಹಳ್ಳಿಗಳಿಂದಲೇ ಜಾಸ್ತಿ. ಪ್ರತಿಯೊಬ್ಬಳ ಜೊತೆ ನಾನೇ ಫೋನಿನಲ್ಲಿ ಮಾತಾಡುತ್ತೇನೆ. ಕೆಲವು ಊರುಗಳಲ್ಲಿ ಗುಡ್ಡ ಹತ್ತಿದರಷ್ಟೇ ನೆಟ್‌ವರ್ಕ್ ಸಿಗುತ್ತದೆ. ಹಾಗಾಗಿ ಭಾನುವಾರ ಸಂಜೆ ನಾಲ್ಕಕ್ಕೆ ಅಂತ ಹೇಳಿದ್ದೇನೆ, ಮಳೆ ಹೊಯ್ದರೆ ಸೋಮವಾರ.