ಗಿರಣಿ ಬೆಕ್ಕಿನ ಮೈಮೇಲಿನ ಚಿಗಟ: ಬಾರ್ಟೊನೆಲ್ಲಾ ಕುರಿತು ಒಬ್ಬ ಪಶುವೈದ್ಯನ ಅನುಭವ

ಗಂಗಾವತಿ, ಕಾರಟಗಿ ಕಡೆಯ ಭತ್ತದ ಸೀಮೆಯಲ್ಲಿ ಪಶುವೈದ್ಯನ ಬಳಿಗೆ ಎಮ್ಮೆ, ಎತ್ತು, ಕುರಿಗಳು ಬರುವಷ್ಟು ಬೆಕ್ಕುಗಳು ಬರುವುದಿಲ್ಲ. ಆದರೆ ಬೆಕ್ಕಿಲ್ಲದ ಅಕ್ಕಿ ಗಿರಣಿಯನ್ನು ನಾನು ಇಲ್ಲಿ ಕಂಡಿದ್ದು ಅಪರೂಪ. ಇಲಿಗಳ ಕಾಟಕ್ಕೆಂದು ಇಟ್ಟುಕೊಂಡ ಈ ಬೆಕ್ಕುಗಳು ಗೋಣಿಚೀಲಗಳ ಸಂದಿಯಲ್ಲಿ ಮರಿ ಹಾಕುತ್ತವೆ. ಗಿರಣಿಯ ಆವರಣದಲ್ಲೇ ಇರುವ ಹಮಾಲರ ಮಕ್ಕಳು ಆ ಮರಿಗಳನ್ನು ದಿನವಿಡೀ ಎತ್ತಿಕೊಂಡು ಆಡುತ್ತಾರೆ. ಬಾರ್ಟೊನೆಲ್ಲಾ ಹೆನ್ಸೆಲೇ ಎಂಬ ಬ್ಯಾಕ್ಟೀರಿಯಾ ಬೆಕ್ಕಿನಿಂದ ಮನುಷ್ಯರಿಗೆ ದಾಟಲು ಬೇಕಾದದ್ದೆಲ್ಲವೂ ಹೀಗೆ ಒಂದೇ ಸೂರಿನಡಿ ಸೇರಿರುತ್ತದೆ.

ಈ ಬ್ಯಾಕ್ಟೀರಿಯಾದಿಂದ ಬರುವ ರೋಗವನ್ನು ನಾನು ಹತ್ತಿರದಿಂದ ಕಂಡದ್ದು ಮಕ್ಕಳ ವೈದ್ಯರೊಬ್ಬರು ಕರೆ ಮಾಡಿದ ಮೇಲೆ. ಹಮಾಲರೊಬ್ಬರ ಮಗಳ ಬಲಗಂಕುಳಲ್ಲಿ ನಿಂಬೆಹಣ್ಣಿನಷ್ಟು ದಪ್ಪದ ಗಂಟು ಎದ್ದಿತ್ತು, ಬಿಟ್ಟು ಬಿಟ್ಟು ಜ್ವರ ಬರುತ್ತಿತ್ತು. ನಮ್ಮ ಭಾಗದಲ್ಲಿ ಇಂಥ ಗಂಟು ಕಂಡರೆ ಮೊದಲು ಟಿಬಿ ಇರಬಹುದೇ ಎಂದು ನೋಡುತ್ತಾರೆ, ಹಾಗೆ ನೋಡಲೇಬೇಕು. ಆ ವೈದ್ಯರೂ ಗಂಟಿನಿಂದ ಸೂಜಿಯಲ್ಲಿ ಮಾದರಿ ತೆಗೆದು, ಟಿಬಿ ರೋಗಾಣುವನ್ನು ಹುಡುಕುವ ಸಿಬಿನ್ಯಾಟ್ ಪರೀಕ್ಷೆಗೆ ಕಳಿಸಿದ್ದರು, ಅದರಲ್ಲಿ ಟಿಬಿ ಕಾಣಿಸಿರಲಿಲ್ಲ. ಮಗುವಿನ ಮುಂಗೈಯನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದು ನೋಡಿದಾಗ ಒಣಗುತ್ತಿರುವ ಸಣ್ಣ ಗುಳ್ಳೆಯೂ ಅದರ ಪಕ್ಕದಲ್ಲೇ ಹಳೆಯ ಪರಚು ಗಾಯದ ಗೆರೆಯೂ ಸಿಕ್ಕಿದ್ದವು. ಪರಚಿದ 3ರಿಂದ 10 ದಿನಗಳಲ್ಲಿ ಆ ಜಾಗದಲ್ಲಿ ಗುಳ್ಳೆ, ಅನಂತರ 1ರಿಂದ 3 ವಾರಗಳಲ್ಲಿ ಅದೇ ಪಕ್ಕದ ದುಗ್ಧಗ್ರಂಥಿಯ (ಕಂಕುಳು, ಕತ್ತಿನಲ್ಲಿರುವ ಲಿಂಫ್ ಗ್ರಂಥಿಯ) ಊತ, ಇದು ಬೆಕ್ಕು ಪರಚಿದ್ದರಿಂದ ಬರುವ ಈ ರೋಗದ ಸಾಮಾನ್ಯ ನಡೆ. ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು ಹುಡುಕುವ ಪರೀಕ್ಷೆಗೆ ರಕ್ತವನ್ನು ಬೆಂಗಳೂರಿಗೆ ಕಳಿಸಿ, "ಆ ಬೆಕ್ಕನ್ನೊಮ್ಮೆ ನೋಡಿ ಬನ್ನಿ ಡಾಕ್ಟರೇ" ಎಂದು ಅವರು ನನ್ನನ್ನು ಕೇಳಿಕೊಂಡರು. ಪರಚು ಗಾಯವೆಂದ ಮೇಲೆ ರೇಬೀಸ್ ಲಸಿಕೆಯನ್ನು ಅವರು ಆಗಲೇ ಶುರು ಮಾಡಿದ್ದರು. ಬಾರ್ಟೊನೆಲ್ಲಾದ ಮಾತು ಏನೇ ಇರಲಿ, ಬೆಕ್ಕು ಪರಚಿದ ಕೂಡಲೇ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯುವುದು ಮತ್ತು ಲಸಿಕೆಗೆ ಹೋಗುವುದು ಎಲ್ಲಕ್ಕಿಂತ ಮೊದಲ ಕೆಲಸ.

ತಾಯಿ ಬೆಕ್ಕಾಗಲಿ ಮರಿಗಳಾಗಲಿ ನೋಡಲು ರೋಗದ ಪ್ರಾಣಿಗಳಂತೆ ಇರಲಿಲ್ಲ, ಇರುವುದೂ ಇಲ್ಲ. ಈ ಬ್ಯಾಕ್ಟೀರಿಯಾ ಬೆಕ್ಕಿನ ಕೆಂಪು ರಕ್ತಕಣಗಳೊಳಗೆ ತಿಂಗಳುಗಟ್ಟಲೆ ಇದ್ದರೂ ಬೆಕ್ಕು ತಿಂದುಂಡು ಆಡಿಕೊಂಡೇ ಇರುತ್ತದೆ, ಅದರಲ್ಲೂ ಮರಿಗಳ ರಕ್ತದಲ್ಲಿ ಅದು ಹೆಚ್ಚು. ಆದ್ದರಿಂದ ನಾನು ಹುಡುಕಿದ್ದು ಚಿಗಟಗಳ ಕುರುಹನ್ನು. ಹೇನು ತೆಗೆಯುವ ಸಣ್ಣ ಹಲ್ಲಿನ ಹಣಿಗೆಯಿಂದ ತಾಯಿ ಬೆಕ್ಕಿನ ಬಾಲದ ಬುಡವನ್ನು ಬಾಚಿ, ಹಣಿಗೆಯಲ್ಲಿ ಸಿಕ್ಕ ಕರಿ ಮಣ್ಣಿನಂಥ ಕಣಗಳನ್ನು ಒದ್ದೆ ಹತ್ತಿಯ ಮೇಲೆ ಉದುರಿಸಿದೆ. ಸ್ವಲ್ಪ ಹೊತ್ತಿನಲ್ಲಿ ಪ್ರತಿ ಕಣದ ಸುತ್ತಲೂ ತುಕ್ಕಿನ ಬಣ್ಣದ ಕೆಂಪು ಹರಡಿಕೊಂಡಿತು. ಬರಿಯ ಮಣ್ಣಾಗಿದ್ದರೆ ಹಾಗೆ ಕೆಂಪು ಬಿಡುವುದಿಲ್ಲ. ಅದು ಚಿಗಟದ ಹಿಕ್ಕೆ, ಅಂದರೆ ಚಿಗಟ ಕುಡಿದು ಅರಗಿಸಿ ಹೊರಹಾಕಿದ ಬೆಕ್ಕಿನದೇ ರಕ್ತ. ಬ್ಯಾಕ್ಟೀರಿಯಾ ಇರುವುದು ಆ ಹಿಕ್ಕೆಯಲ್ಲಿ. ಬೆಕ್ಕು ಮೈ ಕೆರೆದುಕೊಂಡಾಗ ಅದು ಉಗುರಿನ ಸಂದಿಗೆ ಸೇರುತ್ತದೆ, ಪರಚಿದಾಗ ಉಗುರಿನಿಂದ ಮಗುವಿನ ಚರ್ಮದೊಳಕ್ಕೆ ಹೋಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ನಡೆದು 1996ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಸೋಂಕಿತ ಬೆಕ್ಕಿನ ಮೈಮೇಲಿನ ಚಿಗಟಗಳನ್ನು ಬಿಟ್ಟ ಮರಿಗಳಿಗೆ ಸೋಂಕು ತಗುಲಿತ್ತು, ಚಿಗಟಗಳೇ ಇಲ್ಲದ ಜಾಗದಲ್ಲಿ ಸೋಂಕಿತ ಬೆಕ್ಕುಗಳ ಜೊತೆಗಿದ್ದ ಮರಿಗಳಿಗೆ ತಗುಲಿರಲಿಲ್ಲ. ಬೆಕ್ಕಿಗೆ ಆ್ಯಂಟಿಬಯಾಟಿಕ್ ಕೊಡುವುದನ್ನು ಬಿಟ್ಟು ಚಿಗಟದ ಬೆನ್ನು ಹತ್ತಬೇಕೆಂದು ನಾನು ನಿರ್ಧರಿಸಿದ್ದು ಇದೇ ಕಾರಣಕ್ಕೆ.

ಗಿರಣಿಯ ಮೇಸ್ತ್ರಿ ಆಗಲೇ ದನಗಳ ಉಣ್ಣೆಗೆ ಹಾಕುವ ಔಷಧಿಯ ಬಾಟಲಿಯನ್ನು ತಂದಿಟ್ಟುಕೊಂಡಿದ್ದರು. ಇದನ್ನು ನಾನು ಒತ್ತಿ ಹೇಳಬೇಕು: ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್ ಬೆರೆತ ದನದ ಔಷಧಿಯನ್ನಾಗಲಿ ಪರ್ಮೆಥ್ರಿನ್ ಇರುವ ನಾಯಿಯ ಔಷಧಿಯನ್ನಾಗಲಿ ಬೆಕ್ಕಿಗೆ ಎಂದಿಗೂ ಹಚ್ಚಬಾರದು. ಈ ವಿಷವನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರಾ ಕಡಿಮೆ. ಮೈ ನಡುಗಿ, ಸೆಳೆತ ಬಂದು ಅದು ಸತ್ತೇ ಹೋಗಬಹುದು. ದೊಡ್ಡ ಬೆಕ್ಕುಗಳಿಗೆ ಬೆಕ್ಕಿಗೆಂದೇ ತಯಾರಾದ, ಚಿಗಟ ಕೊಲ್ಲುವ ಫಿಪ್ರೋನಿಲ್ ಹನಿಯನ್ನು, ಅವು ನೆಕ್ಕಿಕೊಳ್ಳದಂತೆ, ಕತ್ತಿನ ಹಿಂಭಾಗದಲ್ಲಿ ಕೂದಲು ಸರಿಸಿ ಹಾಕಿದೆ. ಎಂಟು ವಾರ ತುಂಬದ ಮರಿಗಳಿಗೆ ಔಷಧಿಯನ್ನೇ ಹಾಕದೆ, ಹಣಿಗೆಯಿಂದ ಬಾಚಿ, ಸಿಕ್ಕ ಚಿಗಟಗಳನ್ನು ಸಾಬೂನು ನೀರಿನಲ್ಲಿ ಅದ್ದುವುದನ್ನು ಮನೆಯವರಿಗೆ ತೋರಿಸಿಕೊಟ್ಟೆ.

ಬೆಕ್ಕಿನ ಮೈಮೇಲೆ ಕಾಣುವ ಚಿಗಟಗಳು ಒಟ್ಟು ಸಂತತಿಯ ಸಣ್ಣದೊಂದು ಪಾಲು ಮಾತ್ರ. ಮೊಟ್ಟೆಗಳು ಕೆಳಗೆ ಉದುರಿ, ಮರಿಹುಳುಗಳು ಧೂಳು, ತೌಡು ತುಂಬಿದ ಮೂಲೆಗಳಲ್ಲಿ ಆ ಹಿಕ್ಕೆಯನ್ನೇ ತಿಂದು ಬೆಳೆಯುತ್ತವೆ, ಆಮೇಲೆ ಗೂಡು ಕಟ್ಟಿಕೊಂಡು ಅದರೊಳಗೆ ತಿಂಗಳುಗಟ್ಟಲೆ ಸುಮ್ಮನೆ ಕಾಯುತ್ತವೆ. ಬೆಕ್ಕು ಮಲಗುತ್ತಿದ್ದ ಗೋಣಿಚೀಲಗಳನ್ನು ಕುದಿಯುವ ನೀರಿನಲ್ಲಿ ಅದ್ದಿ ಬಿಸಿಲಿಗೆ ಹಾಕಿಸಿದೆವು, ಮೂಲೆಗಳನ್ನು ದಿನವೂ ಗುಡಿಸಿ ಕಸವನ್ನು ಸುಡಿಸಿದೆವು. ಅಕ್ಕಿ ಇರುವ ಜಾಗವಾದ್ದರಿಂದ ಕೀಟನಾಶಕ ಸಿಂಪಡಿಸಲು ನಾನು ಒಪ್ಪಲಿಲ್ಲ. ಹನಿ ಔಷಧಿಯನ್ನು ತಿಂಗಳಿಗೊಮ್ಮೆ, ಕನಿಷ್ಠ ಮೂರು ತಿಂಗಳು ತಪ್ಪದೆ ಹಾಕಿದಾಗಲೇ ಗೋದಾಮಿನ ಚಿಗಟಗಳ ಸರಣಿ ತುಂಡಾಗುತ್ತದೆ.

ಮಗುವಿನ ತಲೆಯ ಹೇನಿನಿಂದ ಬಂದಿರಬಹುದೇ ಎಂದು ತಾಯಿ ಕೇಳಿದರು. ಪ್ರಶ್ನೆ ಬಲ್ಲವರ ಪ್ರಶ್ನೆಯೇ, ಏಕೆಂದರೆ ಇದೇ ಕುಲದ ಬಾರ್ಟೊನೆಲ್ಲಾ ಕ್ವಿಂಟಾನಾ ಬಟ್ಟೆಯ ಮಡಿಕೆಯಲ್ಲಿ ಬದುಕುವ ಮೈಹೇನಿನಿಂದ ಹರಡುತ್ತದೆ. ಮೊದಲ ಮಹಾಯುದ್ಧದಲ್ಲಿ ಕಂದಕಗಳಲ್ಲಿದ್ದ ಲಕ್ಷಾಂತರ ಸೈನಿಕರನ್ನು ಅದು ಜ್ವರದಿಂದ ಮಲಗಿಸಿತ್ತು. ದಕ್ಷಿಣ ಅಮೆರಿಕದ ಆಂಡೀಸ್ ಕಣಿವೆಗಳ ಇನ್ನೊಂದು ಪ್ರಭೇದವನ್ನು ಅಲ್ಲಿಯ ಮರಳುನೊಣ ಹೊತ್ತು ತರುತ್ತದೆ. 1885ರಲ್ಲಿ ಪೆರು ದೇಶದ ವೈದ್ಯ ವಿದ್ಯಾರ್ಥಿ ಡೇನಿಯಲ್ ಕ್ಯಾರಿಯೋನ್ ಆ ರೋಗವನ್ನು ತಿಳಿಯಲೆಂದು ರೋಗಿಯ ಗಂಟಿನ ರಕ್ತವನ್ನು ತನ್ನ ಮೈಗೇ ಚುಚ್ಚಿಸಿಕೊಂಡು ಪ್ರಾಣ ಬಿಟ್ಟ. ನಮ್ಮ ಗಿರಣಿಯ ಮಗುವಿನ ಮಟ್ಟಿಗೆ ಹೇನನ್ನು ಅನುಮಾನಿಸಲು ಕಾರಣವಿರಲಿಲ್ಲ.

ಪ್ರತಿಕಾಯ ಪರೀಕ್ಷೆಯ ವರದಿ ಬೆಕ್ಕಿನ ಬಾರ್ಟೊನೆಲ್ಲಾವನ್ನೇ ತೋರಿಸಿತು. ವೈದ್ಯರು ಐದು ದಿನ ಅಜಿತ್ರೋಮೈಸಿನ್ ಎಂಬ ಆ್ಯಂಟಿಬಯಾಟಿಕ್ ಕೊಟ್ಟರು, ಗಂಟು ವಾರಗಳ ಮೇಲೆ ನಿಧಾನವಾಗಿ ಇಳಿಯಿತು. ಆರೋಗ್ಯವಂತರಲ್ಲಿ ಇದು ಔಷಧಿಯಿಲ್ಲದೆಯೂ ಕೆಲವು ತಿಂಗಳಲ್ಲಿ ಇಳಿಯುವುದುಂಟು. ಎಚ್‌ಐವಿ ಇರುವವರಲ್ಲಿ, ಅಂಗಾಂಗ ಕಸಿ ಮಾಡಿಸಿಕೊಂಡವರಲ್ಲಿ, ಹೃದಯದ ಕವಾಟ ಕೆಟ್ಟವರಲ್ಲಿ ಮಾತ್ರ ಇದೇ ಬ್ಯಾಕ್ಟೀರಿಯಾ ಜೀವಕ್ಕೆ ಎರವಾಗಬಲ್ಲದು. ಅಂಥವರ ಮನೆಯಲ್ಲಿ ಚಿಗಟ ಹತ್ತಿದ ಮರಿ ಬೇಡವೆಂದು ನಾನು ನೇರವಾಗಿಯೇ ಹೇಳುತ್ತೇನೆ.

"ಬೆಕ್ಕನ್ನು ಬೇರೆ ಊರಿಗೆ ಬಿಟ್ಟು ಬರ್ತೀವ್ರಿ ಸರ್" ಎಂದು ಮಗುವಿನ ತಂದೆ ಹೇಳಿದ್ದರು. ಬಿಟ್ಟರೆ ಚಿಗಟಗಳು ಇಲ್ಲೇ ಉಳಿದು ಮುಂದಿನ ಬೆಕ್ಕಿಗೆ ಹತ್ತುತ್ತವೆ ಎಂದು ವಿವರಿಸಿ, ಬೆಕ್ಕನ್ನು ಅಲ್ಲೇ ಇರಿಸಿ ಉಗುರಿನ ತುದಿ ಕತ್ತರಿಸಿಕೊಟ್ಟೆ. ಅಂದಿನಿಂದ ಯಾವ ಗಿರಣಿಗೆ ಎತ್ತು, ಎಮ್ಮೆ ನೋಡಲು ಹೋದರೂ ಹಣಿಗೆ ಮತ್ತು ಹತ್ತಿ ನನ್ನ ಚೀಲದಲ್ಲಿರುತ್ತವೆ. ಹಿಕ್ಕೆ ಸಿಕ್ಕಿದ ಕಡೆ ಮಕ್ಕಳ ಕಂಕುಳು, ಕತ್ತಿನಲ್ಲಿ ಗಂಟೇನಾದರೂ ಇದೆಯೇ ಎಂದು ತಾಯಂದಿರನ್ನು ಕೇಳುತ್ತೇನೆ, ಇದ್ದರೆ ಬೆಕ್ಕಿನ ವಿಷಯವನ್ನು ಚೀಟಿಯಲ್ಲಿ ಬರೆದು ಮಕ್ಕಳ ವೈದ್ಯರ ಬಳಿಗೆ ಕಳಿಸುತ್ತೇನೆ.